ಮೂವತ್ತೆರಡು ಹೊಲಿಗೆಯ ಮೆಷಿನ್

ಕೂತಲ್ಲಿ ಕೂರುವುದು ಅವಳ ಹಣೆಯಲ್ಲಿ ಬರೆದಿರಲಿಲ್ಲ. ಚಿಕ್ಕಂದಿನಲ್ಲೇ ತಾಯಿ ‘ಬುಗುರಿ’ ಎಂದು ಕರೆದಿದ್ದಳು. ಮದುವೆಯಾಗಿ, ಮಗಳು ಹೈಸ್ಕೂಲು ಮುಟ್ಟಿದರೂ ಆ ಹೆಸರು ಕಳಚಿಕೊಂಡಿರಲಿಲ್ಲ. ತಟ್ಟೆ ಕೈಯಲ್ಲಿ ಹಿಡಿದು ಮನೆಯೆಲ್ಲ ಓಡಾಡಿಕೊಂಡೇ ಉಣ್ಣುವವಳು ಅವಳು. ಹೊಲಿಗೆ ಮೆಷಿನ್ ಮಾರುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಆ ಚಡಪಡಿಕೆಯೇ ಅವಳ ಬಂಡವಾಳವಾಯಿತು. ಗಿರಾಕಿ ಗಾಜಿನ ಬಾಗಿಲು ತಳ್ಳುವಷ್ಟರಲ್ಲಿ ಎದುರಿಗೆ ನಿಂತಿರುತ್ತಿದ್ದಳು. ಅವರು ಬಾಯಿ ತೆರೆಯುವಷ್ಟರಲ್ಲಿ ಮೂರು ಮಾಡೆಲ್‌ಗಳ ಗುಣಗಾನ ಮುಗಿದಿರುತ್ತಿತ್ತು. ಅರಳು ಹುರಿದಂತೆ ಮಾತು. ಬೇಡ ಅನ್ನುವುದಕ್ಕೆ ಉಸಿರು ಎಳೆದುಕೊಂಡವರು ಆ ಉಸಿರನ್ನು ಬಿಡುವಾಗ ಹೂಂ ಎಂದಿರುತ್ತಿದ್ದರು.

ಅಂಗಡಿಯ ಮ್ಯಾನೇಜರು ಬೇರೆ ಯಾರೂ ಅಲ್ಲ, ಅವಳ ಅಕ್ಕನ ಗಂಡ. ಕೆಲಸ ಕೊಡಿಸಿದ್ದೂ ಅವನೇ. ಅವನ ಕುರ್ಚಿಯ ಹಿಂದೆ ಒಂದು ಬಿಳಿ ಹಲಗೆ, ಅದರಲ್ಲಿ ಮಾರಾಟದ ಮೂವರ ಹೆಸರು, ಹೆಸರಿನ ಮುಂದೆ ಗೀಟುಗಳು. ಒಂದು ಮೆಷಿನ್‌ಗೆ ಒಂದು ಗೀಟು. ತಿಂಗಳ ಕೊನೆಗೆ ಒರೆಸಿ ಮತ್ತೆ ಮೊದಲಿನಿಂದ. ಬುಗುರಿಯ ಗೀಟುಗಳು ಯಾವಾಗಲೂ ಮುಂದೆ. ಭಾವ ಅದನ್ನು ತೋರಿಸಿ ಉಳಿದಿಬ್ಬರಿಗೆ, “ನೋಡಿ ಕಲೀರಿ,” ಎನ್ನುತ್ತಿದ್ದ. ಅವಳು ಒಳಗೊಳಗೇ ಉಬ್ಬುತ್ತಿದ್ದಳು.

ಆದರೆ ಯಾರಿಗೂ ಹೇಳದ ಗುಟ್ಟೊಂದಿತ್ತು. ಅವಳಿಗೆ ಹೊಲಿಯುವುದಕ್ಕೆ ಬರುತ್ತಿರಲಿಲ್ಲ. ಅಂಗಡಿಯ ರಿಪೇರಿ ಮಾಮ ಬೆಳಿಗ್ಗೆ ದಾರ ಪೋಣಿಸಿಟ್ಟ ಮೆಷಿನ್‌ಗಳಲ್ಲಿ, ಚಿಂದಿ ಬಟ್ಟೆಯ ಮೇಲೆ ಒಂದು ಗೇಣು ನೇರ ಗೆರೆ ಓಡಿಸಿ ತೋರಿಸುವುದು, ಅಲ್ಲಿಗೆ ಅವಳ ವಿದ್ಯೆ ಮುಗಿಯಿತು. ಗಂಡನ ಅಂಗಿಯ ಗುಂಡಿ ಕಿತ್ತರೆ ಪಿನ್ನು ಸಿಕ್ಕಿಸಿ ಕಳಿಸುವವಳು.

ಹೀಗಿರುವಾಗ ಒಂದು ಮಧ್ಯಾಹ್ನ ಕಾಜಾದಮ್ಮ ಅಂಗಡಿಗೆ ಬಂದರು. ಅಂಗಿಗೆ ಗುಂಡಿ ತೂರಿಸುವ ಕಾಜಾ ಹಾಕುವುದರಲ್ಲಿ ಅವರದು ಎತ್ತಿದ ಕೈ. ಆ ಬೀದಿಯ ದರ್ಜಿಗಳೆಲ್ಲ ಹೊಲಿದ ಅಂಗಿಗಳನ್ನು ಕಟ್ಟು ಕಟ್ಟಿ ಅವರ ಮನೆಗೇ ಕಳಿಸುತ್ತಿದ್ದರು. ವಯಸ್ಸು ಅರವತ್ತು ದಾಟಿತ್ತು, ನಡಿಗೆ ನಿಧಾನವಾಗಿತ್ತು.

“ತಾನೇ ಕಾಜಾ ಹಾಕೋ ಮೆಷಿನ್ ಬಂದಿದೆಯಂತಲ್ಲಮ್ಮ? ಕಣ್ಣು ಸೋಲ್ತಾ ಇದೆ ನಂಗೆ.”

“ಬಂದಿದೆಯಾ ಅಂತ ಮೆಲ್ಲಗೆ ಕೇಳ್ತೀರಲ್ಲಮ್ಮಾ! ಇಲ್ಲಿ ಬನ್ನಿ!” ಬುಗುರಿ ಅವರ ತೋಳು ಹಿಡಿದು ದೊಡ್ಡ ಮೆಷಿನ್ ಮುಂದೆ ನಿಲ್ಲಿಸಿದಳು. ಮೂವತ್ತೆರಡು ಥರದ ಹೊಲಿಗೆ. ಆ ತಿಂಗಳು ಅದನ್ನು ಮಾರಿದವರಿಗೆ ಕಂಪನಿಯವರು ಬಹುಮಾನ ಬೇರೆ ಇಟ್ಟಿದ್ದರು. ಕಾಜಾದಮ್ಮ ಕೆಳಗಿನ ಕಪಾಟಿನಲ್ಲಿದ್ದ ಚಿಕ್ಕದೊಂದನ್ನು ತೋರಿಸಿ, “ಇದು?” ಎಂದರು.

“ಅದಾ? ಹತ್ತೇ ಹೊಲಿಗೆ. ಮಕ್ಕಳಾಟ.”

“ಅಲ್ಲಮ್ಮ, ನನ್ನ ಕಾಲು...”

“ಕಾಲಿಗೆ ಶ್ರಮವೇ ಇಲ್ಲಮ್ಮಾ! ಪೆಡಲ್ ಮೆತ್ತಗೆ ಒತ್ತಿದರೆ ಸಾಕು, ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ!”

ಸಂಜೆಯೊಳಗೆ ದೊಡ್ಡ ಮೆಷಿನ್ ಕಾಜಾದಮ್ಮನ ಮನೆ ಸೇರಿತು, ಹಲಗೆಯ ಮೇಲೆ ಗೀಟು ಬಿತ್ತು.

ಮೂರು ವಾರ ಕಳೆದಿರಬೇಕು. ಬೆಳಿಗ್ಗೆ ಬಸ್ಸಿನಲ್ಲಿ ಬರುವಾಗ ಸಿಗ್ನಲ್ ದೀಪದ ಬಳಿ ಬಸ್ಸು ನಿಂತಿತು. ಬುಗುರಿ ಎಂದಿನಂತೆ ಕಿಟಕಿಯ ಸರಳಿಗೆ ಬೆರಳು ಬಡಿಯುತ್ತ ಹೊರಗೆ ನೋಡಿದಳು. ಎದುರಿನ ಮನೆಯ ಕಿಟಕಿಯಲ್ಲಿ ಕಾಜಾದಮ್ಮ ಕೂತಿದ್ದರು. ಅಂಗಿಯನ್ನು ಮೂಗಿನ ಹತ್ತಿರ ಹಿಡಿದು, ಕೈಯಲ್ಲೇ ಕಾಜಾ ಹಾಕುತ್ತಿದ್ದರು.

ಮೆಷಿನ್ ಇದ್ದೂ ಕೈಯಲ್ಲಿ ಯಾಕೆ ಹೊಲಿಯುತ್ತಿದ್ದಾರೆ? ರೂಢಿ ಇರಬೇಕು, ಎಂದುಕೊಂಡಳು. ಮಾರನೆಯ ದಿನವೂ ಅದೇ ಕಿಟಕಿ, ಅದೇ ಭಂಗಿ. ಅದರ ಮಾರನೆಯ ದಿನ ಬಸ್ಸಿನ ಆಚೆ ಬದಿಯಲ್ಲಿ ಕೂತಳು. ಪ್ರಯೋಜನವಾಗಲಿಲ್ಲ, ಕತ್ತು ತಾನಾಗಿ ತಿರುಗಿತು. ಅಂಗಡಿಯಲ್ಲಿ ಗಿರಾಕಿಯೊಬ್ಬರಿಗೆ ಮೆಷಿನ್ ತೋರಿಸುತ್ತ, “ಮೆತ್ತಗೆ ಒತ್ತಿದರೆ ಸಾಕು,” ಎಂದವಳು ಅಲ್ಲೇ ತಡವರಿಸಿದಳು. ಆವತ್ತು ಆ ಹೆಂಗಸು ಕಾಲು ಅಂತ ಏನೋ ಹೇಳಹೊರಟಿದ್ದರಲ್ಲ, ಏನದು? ನೆನಪಾಗಲಿಲ್ಲ. ನೆನಪಾಗುವುದಕ್ಕೆ ಅವಳು ಕೇಳಿಸಿಕೊಂಡಿದ್ದರೆ ತಾನೆ.

ನಾಲ್ಕನೆಯ ದಿನ ದೀಪದ ಬಳಿ ಬಸ್ಸು ನಿಂತಾಗ ಇಳಿದೇಬಿಟ್ಟಳು.

ಬಾಗಿಲು ತೆರೆದ ಕಾಜಾದಮ್ಮನ ಎಡಗೈ ತೋರುಬೆರಳಿನ ಉಗುರು ಕಪ್ಪಗಾಗಿ ಅರ್ಧ ಎದ್ದಿತ್ತು. ಒಳಗೆ ಮೆಷಿನ್ ಮೇಲೆ ಹಳೆಯ ಹೊದಿಕೆ, ಹೊದಿಕೆಯ ಮೇಲೆ ಇಸ್ತ್ರಿ ಮಾಡಿದ ಅಂಗಿಗಳ ರಾಶಿ.

“ಮೆಷಿನ್ ಹೇಗೆ ನಡೀತಿದೆ ಅಂತ ನೋಡ್ಕೊಂಡು ಹೋಗೋಣ ಅಂತ ಬಂದೆ,” ಎಂದಳು ಬುಗುರಿ.

“ಅದು ನಡೆಯಲ್ಲಮ್ಮ. ಓಡುತ್ತೆ.”

ಕಾಜಾದಮ್ಮ ನಗಲಿಲ್ಲ. ಕುರ್ಚಿ ಎಳೆದು ಕೂತು, ಬಲಗಾಲಿನ ಚಪ್ಪಲಿ ತೆಗೆದು ತೋರಿಸಿದರು. ಅಂಗಾಲು ಊದಿಕೊಂಡು ಹೊಳೆಯುತ್ತಿತ್ತು. “ಸಕ್ಕರೆ ಕಾಯಿಲೆ. ಎರಡು ವರ್ಷದಿಂದ ಕಾಲಲ್ಲಿ ಸ್ಪರ್ಶವೇ ಇಲ್ಲ. ದಾರೀಲಿ ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗಲ್ಲ. ಮೆತ್ತಗೆ ಒತ್ತಿ ಅಂದೆಯಲ್ಲ, ಮೆತ್ತಗೆ ಅಂದ್ರೆ ಎಷ್ಟು ಅಂತ ಈ ಕಾಲಿಗೆ ಯಾರು ಹೇಳ್ಬೇಕು? ಒತ್ತಿದ್ದೇ ತಡ, ಹುಚ್ಚು ಕುದುರೆ ಥರ ಓಡ್ತು. ಸೂಜಿ ಉಗುರು ತೂರಿ ಈ ಕಡೆ ಬಂತು.”

ಬುಗುರಿ ಆ ಬೆರಳಿನ ಕಡೆ ಬಗ್ಗಿದಳು. “ಅವತ್ತೇ ಹೇಳಬಾರದಿತ್ತೇನಮ್ಮಾ?”

“ಬಾಯಿ ತೆಗೆದೆ ತಾಯಿ. ನೀನು ಸಂದು ಬಿಟ್ಟರೆ ತಾನೆ?”

“ವಾಪಸ್ ಆದರೂ ತರಬೇಕಿತ್ತು...”

“ನಲವತ್ತು ವರ್ಷ ಸೂಜಿ ಹಿಡಿದಿದ್ದೀನಿ. ಕಾಜಾದಮ್ಮನಿಗೆ ಮೆಷಿನ್ ನಡೆಸೋಕೆ ಬರಲಿಲ್ಲವಂತೆ ಅಂತ ಬೀದಿಗೆಲ್ಲ ಡಂಗುರ ಸಾರಲಾ?” ಎಂದವರೇ ಮತ್ತೆ ಸೂಜಿ ಕೈಗೆತ್ತಿಕೊಂಡರು. “ಹೋಗಮ್ಮ, ನಿನ್ನ ಕೆಲಸಕ್ಕೆ ಹೊತ್ತಾಗುತ್ತೆ.”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬುಗುರಿ ಅಲ್ಲಿಂದ ಅಂಗಡಿಯವರೆಗೂ ನಡೆದೇ ಬಂದಳು, ನಡೆದದ್ದಕ್ಕಿಂತ ಓಡಿದ್ದೇ ಹೆಚ್ಚು.

ಭಾವ ಮಾತು ಪೂರ್ತಿ ಕೇಳಿದ. ಕೇಳಿ, ಪೆನ್ನಿನ ಮುಚ್ಚಳ ಹಾಕಿ, “ಮಾರಿದ ಮಾಲು ವಾಪಸ್ ತಗೊಳ್ಳೋಕೆ ನಾವೇನು ಗ್ರಂಥಾಲಯ ಇಟ್ಟಿದ್ದೀವಾ?” ಎಂದ.

“ಭಾವ, ತಪ್ಪು ನನ್ನದು.”

“ತಪ್ಪು ನಿನ್ನದಾದ್ರೆ ಪರಿಹಾರವೂ ನಿನ್ನದೇ. ಅದಕ್ಕೆ ನೀನೇ ಇನ್ನೊಬ್ಬ ಗಿರಾಕಿ ಹುಡುಕು. ಸಿಕ್ಕಿದರೆ ಮಾತಾಡೋಣ. ತಿಂಗಳ ಕೊನೆ ತನಕ ಟೈಮು.” ಹಲಗೆಯ ಕಡೆ ಬೆರಳು ತೋರಿಸಿ, “ಅದರ ಮೇಲೂ ಒಂದು ಕಣ್ಣಿರಲಿ,” ಎಂದು ಸೇರಿಸಿದ.

ಹಿಂದಿನ ಕೋಣೆಯಲ್ಲಿ ರಿಪೇರಿ ಮಾಮ ಎಣ್ಣೆಗೈಯಲ್ಲೇ ಚಹಾ ಕುಡಿಯುತ್ತಿದ್ದರು. ಅವರಿಗೂ ಎಲ್ಲ ಹೇಳಿದಳು. ಪೆಡಲ್ ಇಲ್ಲದೆ ಹೊಲಿಯುವ ಉಪಾಯ ಇದೆಯೇ ಎಂದು ಕೇಳಿದಳು. ಮಾಮ ಎದ್ದು ಹೋಗಿ ಕೆಳಗಿನ ಕಪಾಟಿನ ಚಿಕ್ಕ ಮೆಷಿನ್ ತಂದರು. ಪೆಡಲ್ ವಯರನ್ನು ಕಿತ್ತು ಪಕ್ಕಕ್ಕಿಟ್ಟು, ಸೂಜಿಯ ಮೇಲ್ಗಡೆ ಇದ್ದ ಹಸಿರು ಬಟನ್ ಒತ್ತಿದರು. ಮೆಷಿನ್ ತಾನಾಗಿ ಹೊಲಿಯತೊಡಗಿತು. ಮತ್ತೆ ಒತ್ತಿದರು, ನಿಂತಿತು. ಪಕ್ಕದ ಚಿಕ್ಕ ಹಿಡಿಯನ್ನು ಸರಿಸಿದರೆ ವೇಗ ಎಷ್ಟು ಬೇಕೋ ಅಷ್ಟು.

“ಇದೂ ಕಾಜಾ ಹಾಕುತ್ತೆ. ದೊಡ್ಡದಕ್ಕೆ ಈ ಬಟನ್ ಇಲ್ಲ,” ಎಂದರು.

“ನಾನು ಅದು ಲೈಟಿನ ಬಟನ್ ಅಂದ್ಕೊಂಡಿದ್ದೆ ಮಾಮ.”

ಮಾಮ ಅವಳನ್ನೇ ನೋಡಿದರು. “ಎರಡು ವರ್ಷದಿಂದ ಮಾರ್ತಿದ್ದೀಯ. ಒಂದು ದಿನ ಕೂತು ಹೊಲಿದಿದ್ದೀಯಾ?”

ಕಾಜಾದಮ್ಮನಿಗೆ ತಕ್ಕ ಮೆಷಿನ್ ಮೊಣಕಾಲಿನ ಎತ್ತರದಲ್ಲೇ ಇತ್ತು. ಅವರು ಅದನ್ನು ಬೆರಳು ಮಾಡಿ ತೋರಿಸಿದ್ದರು ಕೂಡ. ಮಕ್ಕಳಾಟ ಎಂದು ಅದನ್ನು ತಳ್ಳಿಹಾಕಿದ್ದು ತಾನೇ. ಅಂದು ಮಧ್ಯಾಹ್ನದ ಬಿಡುವಿನಲ್ಲಿ ಊಟದ ಡಬ್ಬಿ ತೆರೆಯಲೇ ಇಲ್ಲ, ಅಂಗಡಿಯ ಮುಂದಿನ ಕಾಲುದಾರಿಯಲ್ಲಿ ಮೂರು ಸಲ ಹೋಗಿಬಂದಳು.

ಹೊಸ ಗಿರಾಕಿಗೆ ಬಳಸಿದ ಮೆಷಿನ್ ಯಾರು ತೋರಿಸುತ್ತಾರೆ? ಹಾಗಾಗಿ ತಮ್ಮ ಮೆಷಿನ್ ಕೊಟ್ಟು ದೊಡ್ಡದನ್ನು ತಗೊಳ್ಳಬಲ್ಲ ಹಳಬರನ್ನೇ ಹುಡುಕಬೇಕು. ವಾರಂಟಿ ಕಾರ್ಡುಗಳ ಕಟ್ಟು ಬಿಚ್ಚಿದಳು. ತಾನೇ ಮಾರಿದ ಮೆಷಿನ್‌ಗಳು, ವಿಳಾಸ ಸಮೇತ. ಯಾರ ಮುಖವೂ ನೆನಪಿಗೆ ಬರಲಿಲ್ಲ. ಮಾಡೆಲ್ ನಂಬರುಗಳು ಮಾತ್ರ ಕಂಠಪಾಠ.

ವಾರದ ರಜೆಯಲ್ಲಿ, ಮಧ್ಯಾಹ್ನದ ಬಿಡುವಿನಲ್ಲಿ, ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ, ಅವಳು ಬಾಗಿಲು ತಟ್ಟತೊಡಗಿದಳು. ಮೊದಲ ಮನೆಯಲ್ಲಿ ಅವಳ ಮುಖ ಕಂಡಿದ್ದೇ, “ಏನೂ ಬೇಡಮ್ಮ, ಏನೂ ಬೇಡ,” ಎಂದು ಬಾಗಿಲು ಹಾಕಿಕೊಂಡರು. ಎರಡನೆಯ ಮನೆಯಿಂದ, “ಮಾರೋಕೆ ಬಂದಿಲ್ಲ, ಕೇಳೋಕೆ ಬಂದೆ,” ಎಂದು ಮೊದಲೇ ಹೇಳುವುದನ್ನು ಕಲಿತಳು. ಒಂದು ಕಡೆ ಮೆಷಿನ್ ಮೇಲೆ ಟಿ.ವಿ. ಕೂತಿತ್ತು. ಇನ್ನೊಂದು ಕಡೆ ಎಳೆಗೂಸಿನ ತಾಯಿಯೊಬ್ಬಳು, “ಕೊಂಡಾಗಿನಿಂದ ದಾರ ಹರೀತಾನೇ ಇದೆ ಅಕ್ಕ, ನನಗೇ ಕೈ ಬರಲ್ಲ ಅಂತ ಸುಮ್ಮನಾದೆ,” ಎಂದಳು. ಬುಗುರಿ ಮಾಮನಿಗೆ ಫೋನು ಹಚ್ಚಿ, ಅವರು ಹೇಳಿದಂತೆ ನೋಡಿದರೆ ಸೂಜಿ ಹಿಂದುಮುಂದಾಗಿ ಕೂತಿತ್ತು! ತಿರುಗಿಸಿ ಹಾಕಿದಳು, ಅವಳು ಸೂಜಿ ಹಾಕಿದ್ದೂ ಅದೇ ಮೊದಲು. ಆ ಹುಡುಗಿ ಒಂದು ವರ್ಷ ತನ್ನನ್ನೇ ದಡ್ಡಿ ಎಂದುಕೊಂಡಿದ್ದಳು.

ಒಂಬತ್ತನೆಯ ಕಾರ್ಡಿನ ಮನೆಯಲ್ಲಿ ಪ್ರೆಸ್ಸಿನಲ್ಲಿ ಕೆಲಸ ಮಾಡಿ ನಿವೃತ್ತನಾದ ಒಬ್ಬಾತ ಇದ್ದ. ಮೆಷಿನ್ ಡಬ್ಬಿಯಲ್ಲೇ ಇತ್ತು, ಅಂಟುಪಟ್ಟಿಯೂ ಬಿಚ್ಚಿರಲಿಲ್ಲ. ಹೆಂಡತಿಗೆಂದು ಕೊಂಡಿದ್ದನಂತೆ, ಆಕೆ ಮರುವಾರವೇ ಆಸ್ಪತ್ರೆ ಸೇರಿ ವಾಪಸ್ಸು ಬರಲಿಲ್ಲವಂತೆ. “ಕೂತ್ಕೊಳ್ಳಮ್ಮ,” ಎಂದ. ಬುಗುರಿ ಕೂತಳು. ಅವನು ಹೆಂಡತಿ ಹೊಲಿಯಬೇಕೆಂದಿದ್ದ ದಿಂಬಿನ ಚೀಲಗಳ ಬಗ್ಗೆ, ಅವಳ ಹಟದ ಬಗ್ಗೆ, ಅವಳ ಕೆಮ್ಮಿನ ಬಗ್ಗೆ ಮಾತಾಡಿದ. ಇವಳ ಕಾಲು ಕುಣಿಯುತ್ತಲೇ ಇತ್ತು, ಕೊನೆಗೆ ಸೆರಗಿನೊಳಗೆ ಎರಡೂ ಕೈಯಿಂದ ಮೊಣಕಾಲು ಒತ್ತಿ ಹಿಡಿದು ಕೂತಳು. ಡಬ್ಬಿ ಬಿಚ್ಚದ ಮೆಷಿನ್, ಅಂಗಡಿಗೆ ಮರಳಿ ತಂದು ಹೊಸದೆಂದು ಮಾರಿದರೆ ಇನ್ನೊಂದು ಗೀಟು ಎಂಬ ಲೆಕ್ಕ ತಲೆಯಲ್ಲಿ ಮೂಡಿದ್ದೂ ನಿಜ. ಬಾಯಿಗೆ ಬಂದದ್ದನ್ನು ನುಂಗಿದಳು. ಹೊರಡುವಾಗ ಆತ, “ಮತ್ತೆ ಈ ಕಡೆ ಬಂದರೆ ಬಾರಮ್ಮ,” ಎಂದ. ಎರಡು ವರ್ಷದಲ್ಲಿ ಯಾವ ಗಿರಾಕಿಯೂ ಅವಳಿಗೆ ಆ ಮಾತು ಹೇಳಿರಲಿಲ್ಲ.

ಇತ್ತ ಹಲಗೆಯ ಮೇಲೆ ಈ ತಿಂಗಳು ಅವಳ ಹೆಸರಿನ ಮುಂದೆ ಖಾಲಿ. ಗಿರಾಕಿ ಬಂದರೆ ಈಗ ಅವಳಿಗೆ ಮಾತೇ ಹೊರಡದು. ಏನು ಹೊಲಿಯುತ್ತೀರಿ, ಎಲ್ಲಿ ಇಡುತ್ತೀರಿ ಎಂದು ಕೇಳಿ, ಉತ್ತರಕ್ಕೆ ಕಾಯುವುದೆಂದರೆ ಕೆಂಡದ ಮೇಲೆ ನಿಂತ ಹಾಗೆ. ಆ ಮೌನದಲ್ಲಿ ಇಬ್ಬರು ಎದ್ದೇ ಹೋದರು. ಅಕ್ಕ ಫೋನು ಮಾಡಿದಳು.

“ಏನೇ ನಿನ್ನ ಕಥೆ? ನಿಮ್ಮ ಭಾವ ಮನೇಲಿ ಮುಖ ಗಂಟು ಹಾಕ್ಕೊಂಡು ಕೂರ್ತಾರೆ. ಯಾರದೋ ಬೆರಳಿಗೆ ಸೂಜಿ ಚುಚ್ಚಿದರೆ ನೀನು ಊರೂರು ಅಲೀಬೇಕಾ?”

“ಯಾರದೋ ಅಲ್ಲಕ್ಕ. ಅವರಿಗೆ ಮಾರಿದವಳು ನಾನು.”

“ಸರಿ ಬಿಡು, ಗೋಡೆಗೆ ಹೇಳಿದ ಹಾಗಾಯ್ತು,” ಎಂದು ಅಕ್ಕ ಫೋನಿಟ್ಟಳು.

ತಿಂಗಳು ಮುಗಿಯಲು ಐದು ದಿನ ಉಳಿದಾಗ ನಿವೃತ್ತ ನರ್ಸಮ್ಮನ ಕಾರ್ಡು ಕೈಗೆ ಬಂತು. ಮೂರನೆಯ ಮಹಡಿಯ ಚಿಕ್ಕ ಮನೆ. ಕೋಣೆಯ ತುಂಬ ಹಗ್ಗದ ಮೇಲೆ ಅಂಗೈಯಗಲದ ಅಂಗಿಗಳು ತೂಗುತ್ತಿದ್ದವು. ಹೆರಿಗೆ ಆಸ್ಪತ್ರೆಯಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಅಂಗಡಿಯ ಬಟ್ಟೆ ದೊಡ್ಡದಾಗುತ್ತದೆಂದು ಇವರು ಹೊಲಿದು ಕೊಡುತ್ತಿದ್ದರು.

ಬುಗುರಿ ಮೆಷಿನ್ ಮಾತೆತ್ತಲಿಲ್ಲ. ಒಂದು ಅಂಗಿ ಕೈಗೆ ತೆಗೆದುಕೊಂಡು ಅಂಚು ನೋಡಿದಳು. ಸಣ್ಣ ಅಲೆಯಂಥ ಹೊಲಿಗೆ.

“ಇದನ್ನ ಹೇಗೆ ಮಾಡಿದ್ರಿ ಸಿಸ್ಟರ್? ನಿಮ್ಮ ಮೆಷಿನ್‌ನಲ್ಲಿ ನೇರ ಹೊಲಿಗೆ ಒಂದೇ ಅಲ್ವಾ ಬರೋದು?”

“ಕೈಯಲ್ಲೇ ಕಣೇ. ಒಂದು ಅಂಗಿಗೆ ಒಂದು ಸಂಜೆ ಬೇಕು. ಕೂಸುಗಳು ನನಗೋಸ್ಕರ ಕಾಯ್ತವಾ? ಹುಟ್ಟಿಬಿಡ್ತವೆ.”

“ಕಾಲು ಹೇಗಿದೆ ನಿಮ್ಮದು? ಪೆಡಲ್ ಒತ್ತೋಕೆ ತೊಂದರೆ ಏನಾದ್ರೂ?”

ನರ್ಸಮ್ಮ ವಿಚಿತ್ರವಾಗಿ ನೋಡಿದರು. “ದಿನಾ ಮೂರು ಮಹಡಿ ಹತ್ತಿ ಇಳೀತೀನಿ. ಯಾಕೆ?”

ಆಗ ಬುಗುರಿ ಎಲ್ಲವನ್ನೂ ಹೇಳಿದಳು. ಮೂವತ್ತೆರಡು ಹೊಲಿಗೆಯ ಮೆಷಿನ್ ಒಂದಿದೆ, ಬಳಸಿದ್ದು ಒಂದೇ ದಿನ, ಆ ಒಂದು ದಿನದಲ್ಲೇ ಅದು ಒಬ್ಬರ ಉಗುರು ತೂರಿದೆ, ಅದು ಮೆಷಿನ್ ತಪ್ಪಲ್ಲ, ನನ್ನ ತಪ್ಪು. ನಿಮ್ಮ ಮೆಷಿನ್ ಕೊಟ್ಟು ಮೇಲಿನ ವ್ಯತ್ಯಾಸ ಕೊಟ್ಟರೆ ಅದು ನಿಮಗೆ ಸಿಗಬಹುದು, ಭಾವನನ್ನು ಒಪ್ಪಿಸಬೇಕು.

ನರ್ಸಮ್ಮ ಕನ್ನಡಕ ಮೇಲೆ ಸರಿಸಿ ನಕ್ಕೇ ನಕ್ಕರು. “ಬೆರಳಿಗೆ ಹೊಕ್ಕ ಮೆಷಿನ್ ಅಂತ ಹೇಳಿ ಯಾರಾದ್ರೂ ಮಾಲು ಮಾರ್ತಾರೇನೇ? ತಗೊಂಡು ಬಾ, ನೋಡೋಣ.”

ಭಾವ ಒಪ್ಪಿದ, ಆದರೆ ಮೂತಿ ಸೊಟ್ಟ ಮಾಡಿಕೊಂಡೇ. ದೊಡ್ಡದು ನರ್ಸಮ್ಮನಿಗೆ, ಚಿಕ್ಕದೂ ಮಿಕ್ಕ ದುಡ್ಡೂ ಕಾಜಾದಮ್ಮನಿಗೆ, ಈ ಅದಲುಬದಲಿಗೆ ಗೀಟು ಮಾತ್ರ ಹಾಕುವುದಿಲ್ಲ ಎಂದ. ಹಾಕದಿದ್ದರೆ ಬೇಡ, ಎಂದಳು ಬುಗುರಿ. ಅಷ್ಟು ಹೊತ್ತಿಗೆ ಅವಳ ಮನಸ್ಸು ದೀಪದ ಬಳಿಯ ಕಿಟಕಿಗೆ ಹೋಗಿಯಾಗಿತ್ತು.

ಮಾಮನ ಸ್ಕೂಟರಿನ ಹಿಂದೆ ಚಿಕ್ಕ ಮೆಷಿನ್ ಅಪ್ಪಿಕೊಂಡು ಕೂತು ಹೋದಳು. ಕಾಜಾದಮ್ಮ ಕಪ್ಪು ಉಗುರಿನ ಬೆರಳನ್ನು ಮಡಿಚಿಟ್ಟುಕೊಂಡು ದೂರದಲ್ಲೇ ನಿಂತರು. ಬುಗುರಿ ಪೆಡಲ್ ಹಚ್ಚಲಿಲ್ಲ, ವೇಗದ ಹಿಡಿಯನ್ನು ಅತಿ ಕಡಿಮೆಗೆ ಎಳೆದು, “ಅಮ್ಮಾ, ಬಟನ್ ಒತ್ತಿ. ಬೇಡ ಅನಿಸಿದ ತಕ್ಷಣ ಮತ್ತೆ ಒತ್ತಿ, ನಿಲ್ಲುತ್ತೆ,” ಎಂದಳು. ಆಮೇಲೆ ಬಾಯಿ ಮುಚ್ಚಿಕೊಂಡಳು. ಇಡೀ ಬದುಕಿನಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ. ಕಾಜಾದಮ್ಮ ಒಂದು ನಿಮಿಷ, ಎರಡು ನಿಮಿಷ, ಸುಮ್ಮನೆ ಆ ಬಟನ್ನನ್ನೇ ನೋಡುತ್ತ ನಿಂತಿದ್ದರು. ಕೊನೆಗೆ ಅವರು ಕೂತು ಒತ್ತಿದರು. ಒಂದು ಕಡೆ ಹೊಲಿಗೆ ಇಳಿಯಿತು, ತುದಿಯಲ್ಲಿ ಅಡ್ಡ ತಿರುಗಿತು, ಇನ್ನೊಂದು ಕಡೆ ಏರಿತು. ಒತ್ತಿದರು, ನಿಂತಿತು.

ಕಾಜಾದಮ್ಮ ಬಟ್ಟೆ ಎತ್ತಿ ಬೆಳಕಿಗೆ ಹಿಡಿದು, ತಿರುಗಿಸಿ, ಹಿಂಬದಿ ನೋಡಿದರು. “ನನ್ನಷ್ಟು ಚೆನ್ನಾಗಿಲ್ಲ,” ಎಂದರು. ಮತ್ತೆ, “ನಡೆಯುತ್ತೆ.”

ಬುಗುರಿ ಎದ್ದಳು. “ಎಲ್ಲಿಗೆ?” ಎಂದರು ಕಾಜಾದಮ್ಮ. “ಕೂತ್ಕೋ. ಸೂಜಿ ಹಿಡಿ. ಕಾಜಾ ಅಂದ್ರೇನು ಅಂತ ಗೊತ್ತಿಲ್ಲದೆ ಕಾಜಾ ಮೆಷಿನ್ ಮಾರ್ತೀಯಲ್ಲ, ನಾಚಿಕೆ ಆಗಲ್ವಾ?”

ಅಂದಿನಿಂದ ವಾರಕ್ಕೆರಡು ಸಂಜೆ ಅವಳು ಅಲ್ಲಿ ಕೂತು ಹೊಲಿಯುವುದು ಕಲಿತಳು. ಚೆನ್ನಾಗಿ ಕಲಿತಳು ಎಂದರೆ ಸುಳ್ಳಾದೀತು. ಹೊಲಿಗೆ ಕೋಳಿ ಕೆದರಿದ ಹಾಗಿರುತ್ತಿತ್ತು, ಕಾಜಾದಮ್ಮ ಕತ್ತರಿಯಿಂದ ಬಿಚ್ಚಿ ಮತ್ತೆ ಕೈಗೆ ಕೊಡುತ್ತಿದ್ದರು. ಆದರೆ ಯಾವ ಬಟ್ಟೆ ಎಲ್ಲಿ ಜಗ್ಗುತ್ತದೆ, ದಾರ ಯಾಕೆ ಹರಿಯುತ್ತದೆ, ಬೆನ್ನು ಯಾವಾಗ ನೋಯುತ್ತದೆ ಎಂಬುದು ಮೈಗೆ ಗೊತ್ತಾಯಿತು. ಅಂಗಡಿಯಲ್ಲಿ ಅವಳು ಕೇಳುವ ಪ್ರಶ್ನೆಗಳು ಬದಲಾದವು. ಗಿರಾಕಿಗಳೂ ಮೊದಲಿನಂತೆ ಎದ್ದು ಹೋಗುತ್ತಿರಲಿಲ್ಲ, ತಮ್ಮ ಮನೆಯ ಕಥೆ ಹೇಳುತ್ತ ಕೂರುತ್ತಿದ್ದರು. ಹಲಗೆಯ ಮೇಲೆ ಮಾತ್ರ ಆ ತಿಂಗಳೂ ಮುಂದಿನ ತಿಂಗಳೂ ಅವಳೇ ಕೊನೆ. “ಇನ್ನೊಂದು ತಿಂಗಳು ನೋಡ್ತೀನಿ, ಆಮೇಲೆ ನನ್ನ ಕೈಲಿಲ್ಲ,” ಎಂದ ಭಾವ. ಅವಳು ಆ ಮಾತನ್ನು ಗಂಡನಿಗೂ ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಂಡು ತಿರುಗಿದಳು.

ಆ ಇನ್ನೊಂದು ತಿಂಗಳ ಎರಡನೆಯ ವಾರ ನರ್ಸಮ್ಮನ ಫೋನು ಬಂತು. ಹೆರಿಗೆ ಆಸ್ಪತ್ರೆಯವರು ಒಂದು ಕೋಣೆ ಬಿಟ್ಟುಕೊಟ್ಟಿದ್ದಾರೆ, ಆರು ಜನ ಹೆಂಗಸರು ಸೇರಿ ಹೊಲಿಯುತ್ತೇವೆ, ಆರು ಮೆಷಿನ್ ಬೇಕು. “ಬೇರೆ ಅಂಗಡಿಯವರೂ ಬಂದು ಹೋದರು. ನಾನು, ನಮ್ಮ ಹುಡುಗಿ ನೋಡದೆ ಏನೂ ಕೊಳ್ಳಲ್ಲ ಅಂತ ಹೇಳಿದ್ದೀನಿ.”

ಆರು ಎಂಬ ಮಾತು ಕಿವಿಗೆ ಬಿದ್ದದ್ದೇ ಭಾವ ಕೋಟು ಹಾಕಿಕೊಂಡು ತಾನೂ ಹೊರಟ.

ಕೋಣೆ ಉದ್ದಕ್ಕಿತ್ತು, ಕಿಟಕಿ ಒಂದೇ, ಪ್ಲಗ್ಗು ಎರಡೇ. ಹೆಂಗಸರು ಗೋಡೆಗೆ ಒರಗಿ ನಿಂತಿದ್ದರು, ಬಣ್ಣದ ಶಾಲು ಹೊದ್ದ ಒಬ್ಬರ ಕೈಯಲ್ಲಿ ಆಗಲೇ ಕತ್ತರಿ. ಬುಗುರಿ ಒಬ್ಬೊಬ್ಬರನ್ನೇ ಕೇಳಿದಳು. ಇಬ್ಬರಿಗೆ ಕತ್ತರಿಸುವುದಷ್ಟೇ ಇಷ್ಟ. ಒಬ್ಬರಿಗೆ ಬೆನ್ನುನೋವು, ಕೂರಲಾಗದು, ಇಸ್ತ್ರಿ ಮಾಡಬಲ್ಲರು. ಉಳಿದವರೂ ಒಟ್ಟಿಗೆ ಬರುವುದು ವಾರಕ್ಕೊಮ್ಮೆ.

“ಆರು ಬೇಡ,” ಎಂದಳು ಅವಳು. “ಮೂರು ಸಾಕು. ಉಳಿದ ಜಾಗಕ್ಕೆ ಎತ್ತರದ ಮೇಜೊಂದು ಮಾಡಿಸಿ, ಕತ್ತರಿಸೋಕೆ. ಪ್ಲಗ್ಗು ಇನ್ನೂ ಎರಡು ಹಾಕಿಸಿ. ಅದಾಗೋ ತನಕ ಮೆಷಿನ್ ಕಳಿಸಲ್ಲ.”

ಭಾವ ಕೆಮ್ಮಿದ. ಮತ್ತೊಮ್ಮೆ ಕೆಮ್ಮಿದ. ಮೂರನೆಯ ಸಲ ಕೆಮ್ಮಿದಾಗ ನರ್ಸಮ್ಮ ಅವನಿಗೆ ಬಿಸಿನೀರು ಕುಡಿಯಲು ಹೇಳಿದರು. ಆರ್ಡರಿಗೆ ಅಲ್ಲೇ ಸಹಿಯಾಯಿತು, ಮೂರಕ್ಕೆ. ಕತ್ತರಿಸುವ ಹೆಂಗಸರಲ್ಲಿ ಒಬ್ಬರು ಅವಳ ನಂಬರು ಬರೆದುಕೊಂಡರು, ಮಗಳಿಗೊಂದು ಮೆಷಿನ್ ಬೇಕಂತೆ, ಮೊದಲು ಮನೆಗೆ ಬಂದು ನೋಡಬೇಕಂತೆ.

ಹೊರಗೆ ಮೆಟ್ಟಿಲ ಮೇಲೆ ಭಾವ ನಿಂತುಬಿಟ್ಟ. “ಆರು ತಾನಾಗಿ ಬಾಯಿಗೆ ಬಿದ್ದಿತ್ತಲ್ಲೇ! ನೀನಾಗೇ ಉಗುಳಿದೆಯಲ್ಲ!”

“ಮೂರು ಮೂಲೇಲಿ ಧೂಳು ತಿಂತಿದ್ವು ಭಾವ. ಆಮೇಲೆ ನಮ್ಮ ಹೆಸರು ಹೇಳಿದರೆ ಉಗೀತಿದ್ರು.”

ಅವನು ಕೈಯಲ್ಲಿದ್ದ ಆರ್ಡರಿನ ಕಾಗದ ನೋಡಿ, ಮಡಿಚಿ ಜೇಬಿಗೆ ಹಾಕಿದ. “ಆ ಹೆಂಗಸಿನ ಮಗಳ ಮನೆಗೆ ಯಾವಾಗ ಹೋಗ್ತೀಯ?” ಎಂದ. ದನಿಯಲ್ಲಿ ಸಿಟ್ಟು ಪೂರ್ತಿ ಇಳಿದಿರಲಿಲ್ಲ.

“ಭಾನುವಾರ.”

“ಸರಿ. ಅಂಗಡಿ ಕಾರ್ಡು ತಗೊಂಡು ಹೋಗು,” ಎಂದು ಅವನು ರಸ್ತೆಗಿಳಿದು ಆಟೋಗೆ ಕೈ ಮಾಡಿದ.

ಬುಗುರಿ ಅವನ ಹಿಂದೆ ನಾಲ್ಕು ಹೆಜ್ಜೆ ಇಟ್ಟವಳು ಗಕ್ಕನೆ ನಿಂತಳು. ಬಣ್ಣದ ಶಾಲು ಹೊದ್ದಿದ್ದ ಆ ಹೆಂಗಸು ಕತ್ತರಿ ಹಿಡಿದದ್ದು ಎಡಗೈಯಲ್ಲಿ. ಎಡಚರಿಗೆ ಕಿಟಕಿಯ ಬೆಳಕು ಎಡಬದಿಯಿಂದ ಬಂದರೆ ಕೈಯ ನೆರಳು ಬಟ್ಟೆಯ ಮೇಲೇ ಬೀಳುತ್ತದೆ. ಮೇಜನ್ನು ಯಾವ ಗೋಡೆಗೆ ಹಾಕಬೇಕೆಂದು ಕೇಳಲೇ ಇಲ್ಲವಲ್ಲ!

“ಭಾವ, ನೀವು ಹೋಗ್ತಿರಿ,” ಎಂದು ಕೂಗಿ, ಉತ್ತರಕ್ಕೂ ಕಾಯದೆ, ಒಂದೊಂದು ಸಲಕ್ಕೆ ಎರಡೆರಡು ಮೆಟ್ಟಿಲು ದಾಟುತ್ತ ಅವಳು ಮತ್ತೆ ಮೇಲೆ ಹತ್ತಿದಳು.